ಮೆಟ್ಟಿಲ ಪುಣ್ಯ ಯಾರದು?

ಮೈಸೂರಿನಲ್ಲಿ ನವರಾತ್ರಿಯ ದೀಪಗಳು ಬೆಳಗುವ ಕಾಲಕ್ಕೆ ತಿರುಮಲೆಯಲ್ಲಿ ಬ್ರಹ್ಮೋತ್ಸವದ ಸಡಗರ. ಚೆನ್ನೈ ಜಾರ್ಜ್ ಟೌನಿನ ಚೆನ್ನಕೇಶವ ಪೆರುಮಾಳ್ ದೇವಾಲಯದಿಂದ ಶ್ರೀನಿವಾಸನಿಗೆ ಅರ್ಪಿತವಾಗುವ ಛತ್ರಿಗಳು ಮೆರವಣಿಗೆಯಲ್ಲಿ ಹೊರಡುತ್ತವೆ. ಪುರಟ್ಟಾಸಿ ಮಾಸದಲ್ಲಿ ಹಳದಿ ವಸ್ತ್ರವುಟ್ಟು ಇಲ್ಲಿಂದ ತಿರುಪತಿಯವರೆಗೂ ಕಾಲ್ನಡಿಗೆಯಲ್ಲಿ ಸಾಗುವ ಭಕ್ತರೂ ಉಂಟು. ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿಯೂ ಬೆಟ್ಟವನ್ನು ನಡೆದೇ ಹತ್ತುವ ಹರಕೆ ಅಪರೂಪವಲ್ಲ. ದೊಡ್ಡ ದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಬಾಲ್ಯದಲ್ಲಿ ಹತ್ತಿದವರಿಗೆ ಆ ಅಭ್ಯಾಸ ಸುಲಭವಾಗಿ ಬಿಟ್ಟುಹೋಗುವುದೆಂತು?

ತಿರುಮಲೆಗೆ ಹತ್ತಲು ಎರಡು ಪ್ರಸಿದ್ಧ ಕಾಲುದಾರಿಗಳಿವೆ. ಅಲಿಪಿರಿಯ ದಾರಿ ದೀರ್ಘವಾದದ್ದು. ಸುಮಾರು 3550 ಮೆಟ್ಟಿಲು, ನಡುನಡುವೆ ಸಮತಟ್ಟಾದ ಹಾದಿ. ಶ್ರೀನಿವಾಸ ಮಂಗಾಪುರದ ಕಡೆಯಿಂದ ಏರುವ ಶ್ರೀವಾರಿ ಮೆಟ್ಟು ಹ್ರಸ್ವವಾದದ್ದು; 2388 ಮೆಟ್ಟಿಲು, ಆದರೆ ಏರು ಕಡಿದು. 1944ರಲ್ಲಿ ಘಾಟ್ ರಸ್ತೆ ತೆರೆಯಿತು. ಅಂದಿನಿಂದ ನಡಿಗೆ ಅನಿವಾರ್ಯವಾಗಿ ಉಳಿಯದೆ ಆಯ್ಕೆಯಾಯಿತು. ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಸನ್ನಿಧಿಗೆ ಬೆವರು ಸುರಿಸಿ ಹೋದವನಿಗೆ ಹೆಚ್ಚಿನ ಪುಣ್ಯವುಂಟೆ?

ಉಂಟೆನ್ನುವವರು ದೇಹಶ್ರಮವನ್ನೇ ತಪಸ್ಸೆಂದು ಭಾವಿಸುತ್ತಾರೆ. ಹಾಗಿದ್ದಲ್ಲಿ ಡೋಲಿಯ ವಿಚಾರವನ್ನು ಅವರು ಎದುರಿಸಬೇಕು. ರಸ್ತೆಯಿಲ್ಲದ ಕಾಲದಲ್ಲಿ ವೃದ್ಧರೂ ಶ್ರೀಮಂತರೂ ಡೋಲಿಯಲ್ಲಿ ಕುಳಿತು ಬೆಟ್ಟವೇರುತ್ತಿದ್ದರು; ಶಬರಿಮಲೆಯಲ್ಲಿ ಈ ಕಾಲದಲ್ಲಿಯೂ ಡೋಲಿಗಳನ್ನು ಕಂಡವರಿದ್ದಾರೆ. ಹೊರುವವನು ಒಂದು ಋತುವಿನಲ್ಲಿ ಹತ್ತುವಷ್ಟು ಮೆಟ್ಟಿಲನ್ನು ಯಾವ ಭಕ್ತನೂ ಜೀವಮಾನದಲ್ಲಿ ಹತ್ತಲಾರ. ಶ್ರಮವೇ ಪುಣ್ಯವಾದರೆ ಅದೆಲ್ಲವೂ ಆ ಹೆಗಲಿಗೆ ಸೇರಬೇಕು. ಅವನು ಹತ್ತಿದ್ದು ಕೂಲಿಗಾಗಿ, ಭಕ್ತಿಯಿಂದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಳ್ಳೆಯದು, ಹಾಗೆಂದ ಕ್ಷಣದಲ್ಲಿಯೇ ಪುಣ್ಯವು ಮೆಟ್ಟಿಲನ್ನು ಬಿಟ್ಟು ಮನಸ್ಸಿಗೆ ಬಂದು ನಿಂತಿತು. ಆಗ ಬಸ್ಸಿನಲ್ಲಿ ಕುಳಿತು ಮಂಡಿನೋವಿಗೆ ಮುಲಾಮು ಹಚ್ಚಿಕೊಳ್ಳುತ್ತ ನಾಮಸ್ಮರಣೆ ಮಾಡುವ ಮುದುಕಿಯನ್ನು ಕಡಿಮೆಯವಳೆನ್ನಲು ಆಧಾರ ಉಳಿಯಲಿಲ್ಲ.

ನಡೆದು ಬಂದವರಿಗೆ ದರ್ಶನದ ಟೋಕನ್ ನೀಡುವ ಪದ್ಧತಿಯೂ ಈಚಿನ ದಶಕಗಳಲ್ಲಿ ಬಂದಿತು. ನಿಯಮಗಳು ಆಗಾಗ ಬದಲಾಗಿವೆ. ದಣಿದವರನ್ನು ಬೇಗ ಕಳುಹಿಸುವುದು ದಯೆಯ ಮಾತು, ಅದರಲ್ಲಿ ದೋಷವಿಲ್ಲ. ಆದರೆ ಟೋಕನ್ ದೊರೆಯುವುದೆಂದು ತಿಳಿದು ನಡೆಯುವವನಿಗೂ ಡೋಲಿ ಹೊರುವವನಿಗೂ ಏನು ಅಂತರ? ಇಬ್ಬರದೂ ಕೂಲಿಯೇ. ಹೊರುವವನದು ಸಂಸಾರ ಸಾಗಿಸುವ ಕೂಲಿಯಾದ್ದರಿಂದ ಅದೇ ಹೆಚ್ಚು ಗೌರವದ್ದು ಎನ್ನಬೇಕು. ಗೀತೆಯ ಹದಿನೇಳನೆಯ ಅಧ್ಯಾಯವು ಮನ್ನಣೆಯ ಆಸೆಯಿಂದ ಮಾಡಿದ ತಪಸ್ಸನ್ನು ರಾಜಸವೆಂದೂ, ಮೌಢ್ಯದ ಹಟದಿಂದ ತನ್ನನ್ನೇ ಪೀಡಿಸಿಕೊಳ್ಳುವುದನ್ನು ತಾಮಸವೆಂದೂ ವಿಂಗಡಿಸುತ್ತದೆ. ವೈದ್ಯರು ಬೇಡವೆಂದರೂ ಎದೆನೋವನ್ನು ಮುಚ್ಚಿಟ್ಟು ಹತ್ತುವವರು ಆ ಅಧ್ಯಾಯವನ್ನೊಮ್ಮೆ ಓದಬೇಕು.

ಹಾಗಾದರೆ ನಡಿಗೆ ವ್ಯರ್ಥವೆ? ಅಲ್ಲ. ನಾಲ್ಕೈದು ಗಂಟೆಗಳ ಕಾಲ ಕಚೇರಿಯ ಹುದ್ದೆಯನ್ನೂ ಮನೆಯ ಲೆಕ್ಕಾಚಾರವನ್ನೂ ಕೆಳಗಿಟ್ಟು, ಅಪರಿಚಿತರೊಡನೆ ಒಂದೇ ನಲ್ಲಿಯ ನೀರು ಕುಡಿದು ಏರುವ ಅವಕಾಶ ಮಹಾನಗರದ ಬದುಕಿನಲ್ಲಿ ಬೇರೆಲ್ಲಿ ದೊರೆತೀತು? ಅದು ನಡೆದವನು ಪಡೆದ ಲಾಭ. ದೇವರಿಗೆ ಸಲ್ಲಿಸಿದ ಸಾಲವಲ್ಲ, ಬಡ್ಡಿ ಕೇಳುವಂತಿಲ್ಲ.

ಹಿಂದಿನವರ ನಡೆಯೂ ಒಂದೇ ತೆರನಾಗಿರಲಿಲ್ಲ. ಬೆಟ್ಟವೇ ಆದಿಶೇಷನೆಂದು ಭಾವಿಸಿ, ಪಾದ ಸೋಕಿಸಲಂಜಿ ಆಳ್ವಾರರು ತಪ್ಪಲಿನಿಂದಲೇ ಸ್ತುತಿಸಿದರೆಂದೂ, ರಾಮಾನುಜಾಚಾರ್ಯರು ಮೊಣಕಾಲೂರಿ ಏರಿದರೆಂದೂ ಐತಿಹ್ಯವಿದೆ. ಆಚಾರ್ಯರಿಗೆ ರಾಮಾಯಣದ ಅರ್ಥ ಹೇಳಲು ಸೋದರಮಾವ ತಿರುಮಲೆ ನಂಬಿಗಳು ಒಂದು ವರ್ಷ ಕಾಲ ಬೆಟ್ಟವಿಳಿದು ಬರುತ್ತಿದ್ದರಂತೆ. ಪಾಠದ ನಡುವೆ ಮಧ್ಯಾಹ್ನದ ಪೂಜೆ ತಪ್ಪಿತೆಂದು ಅವರು ಕೊರಗಿದಾಗ ಸ್ವಾಮಿಯ ಪಾದಗಳೇ ಕೆಳಗೆ ಮೂಡಿದವೆಂದು ಹೇಳುತ್ತಾರೆ. ಅಲಿಪಿರಿಯ ಪಾದಾಲ ಮಂಟಪ ಆ ಸ್ಥಳದಲ್ಲಿದೆ. ಅಲ್ಲಿ ಲೋಹದ ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ಪ್ರದಕ್ಷಿಣೆ ಬಂದ ಬಳಿಕವೇ ಅನೇಕರು ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.