ಅಮ್ಮನ ಗ್ರೈಂಡರ್ ಮತ್ತು ತಾಮ್ರದ ಸರ್ಪ

ಎಲ್ಲರೂ ಸತ್ಯವೇದ ತೆಗೆಯಿರಿ. ಎರಡನೇ ಅರಸುಗಳು 18ನೇ ಅಧ್ಯಾಯ, 4ನೇ ವಚನ. ಮೊಬೈಲ್‌ನಲ್ಲಿ ಓದೋರು ವಾಟ್ಸ್ಆಪ್ ಕಡೆ ಹೋಗಬೇಡಿ, ಇಲ್ಲೇ ಇರಿ.

ಹಿಜ್ಕೀಯ ಅರಸನು ಪೂಜಾಸ್ಥಳಗಳನ್ನು ತೆಗೆದುಹಾಕಿದನು, ಕಲ್ಲುಕಂಬಗಳನ್ನು ಒಡೆದನು. ಇದು ನಮಗೆ ಅರ್ಥ ಆಗುತ್ತೆ. ಆದರೆ ಅದೇ ವಚನದಲ್ಲಿ ಇನ್ನೊಂದು ವಸ್ತು ಇದೆ, ಮೋಶೆ ಮಾಡಿಸಿದ ತಾಮ್ರದ ಸರ್ಪ. ಅದನ್ನೂ ಚೂರು ಮಾಡಿದನು. ಪ್ರಿಯರೇ, ಇದು ಅನ್ಯದೇವರ ವಿಗ್ರಹ ಅಲ್ಲ. ದೇವರೇ ಮಾಡು ಅಂದದ್ದು! ಅರಣ್ಯಕಾಂಡ 21ರಲ್ಲಿ ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ಅದರ ಕೆಲಸ ಅಲ್ಲಿಗೆ ಮುಗೀತು. ಜನ ಮಾತ್ರ ಬಿಡಲಿಲ್ಲ. ನೂರಾರು ವರ್ಷ ಇಟ್ಟುಕೊಂಡು, ಕೊನೆಗೆ ಅದಕ್ಕೆ ಧೂಪ ಹಾಕೋಕೆ ಶುರು ಮಾಡಿದರು.

ಈಗ ಅಡಿಗೆಮನೆಗೆ ಬರೋಣ.

ನಮ್ಮ ಸಭೆಯ ಒಬ್ಬ ಸಹೋದರಿ ಇದ್ದಾರೆ, ಅವರನ್ನ ಕೇಳಿಯೇ ಹೇಳ್ತಿದ್ದೀನಿ. ಅವರ ತಾಯಿ ಕರ್ತನಲ್ಲಿ ನಿದ್ರೆಹೋಗಿ ಆರು ವರ್ಷ ಆಯ್ತು. ಬಿಟ್ಟುಹೋದದ್ದು ಒಂದು ಹಳೆಯ ಗ್ರೈಂಡರ್. ಈಗಿನ ಟೇಬಲ್ ಟಾಪ್ ಅಲ್ಲ, ನೆಲದ ಮೇಲೆ ಕೂರೋ ದೊಡ್ಡದು. ಆ ತಾಯಿ ಅದರಲ್ಲೇ ದೋಸೆಹಿಟ್ಟು ರುಬ್ಬಿ, ಅಕ್ಕಪಕ್ಕದವರಿಗೆ ಮಾರಿ, ಮಗಳ ಕಾಲೇಜ್ ಫೀಸ್ ಕಟ್ಟಿದರು. ಮೂರು ಬಾಡಿಗೆ ಮನೆ ಬದಲಾಯಿಸಿದರೂ ಗ್ರೈಂಡರ್ ಜೊತೆಗೇ ಬಂತು. ಈಗಿರೋದು ಒಂದು ಬೆಡ್‌ರೂಮ್ ಮನೆ, ಅರ್ಧ ಬಾಲ್ಕನಿ ಅದಕ್ಕೇ. ಆನ್ ಮಾಡೋದು ವರ್ಷಕ್ಕೊಮ್ಮೆ, ಕ್ರಿಸ್ಮಸ್‌ಗೆ. ಉಳಿದ ದಿನ ಪ್ಯಾಕೆಟ್ ಹಿಟ್ಟು.

ಕಳೆದ ಕ್ರಿಸ್ಮಸ್‌ಗೆ ಮಗ ಹೋಗಿ ಮುಟ್ಟಿದ. ಶಾಕ್ ಹೊಡೀತು. ದೇವರಿಗೆ ಸ್ತೋತ್ರ, ಮಗುವಿಗೆ ಏನೂ ಆಗಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ವೈರಿನ ಹೊದಿಕೆ ಬಿರುಕು ಬಿಟ್ಟಿದೆ, ತೊಳೆದ ನೀರು ಮೋಟಾರಿಗೆ ಇಳಿದಿದೆ, ಎರಡೇ ಪಿನ್ನಿನ ಪ್ಲಗ್, ಅರ್ಥಿಂಗ್ ಇಲ್ಲ. ಹೊರಗಿನ ತಗಡಿಗೇ ಕರೆಂಟ್! ರಿಪೇರಿ ಮಾಡಿಸಬಹುದಲ್ಲ ಅಂತೀರಾ? ಮಾಡಿಸಬಹುದು, ದಿನಾ ರುಬ್ಬೋರಾದರೆ. ಗಂಡ ಗುಜರಿಗೆ ಹಾಕೋಣ ಅಂದರು. ಮೂರು ದಿನ ಮನೆಯಲ್ಲಿ ಮಾತಿಲ್ಲ. ಆ ಸಹೋದರಿ ನನ್ನ ಹತ್ತಿರ ಬಂದು, "ಪಾಸ್ಟರ್, ಅದನ್ನ ಕಳಿಸಿದ್ರೆ ಅಮ್ಮನನ್ನ ಇನ್ನೊಂದು ಸಲ ಮಣ್ಣು ಮಾಡಿದ ಹಾಗೆ" ಅಂದರು.

ಯುವಜನರೇ, ನಗಬೇಡಿ. ಮನೆ ಖಾಲಿ ಮಾಡೋದು ಹೇಗೆ ಅಂತ ರೀಲ್ಸ್ ನೋಡಿ ಬಂದು ಇಂಥವರಿಗೆ ಪಾಠ ಹೇಳಬೇಡಿ. ಲಾಜರನನ್ನು ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಯೇಸು ಸ್ವಾಮಿ ಕಣ್ಣೀರು ಹಾಕಿದರು.

ಹಾಗಾದರೆ ನೆನಪಿಗೆ ಏನೂ ಇಟ್ಟುಕೊಳ್ಳಬಾರದಾ? ಯೆಹೋಶುವ 4ನೇ ಅಧ್ಯಾಯ ನೋಡಿ. ಯೊರ್ದನ್ ದಾಟಿದಾಗ ಹನ್ನೆರಡು ಕಲ್ಲು ಎತ್ತಿಕೊಂಡು ಬನ್ನಿ ಅಂತ ದೇವರೇ ಹೇಳಿದರು. ಯಾಕೆ? ಮುಂದೆ ಮಕ್ಕಳು ಈ ಕಲ್ಲು ಏನು ಅಂತ ಕೇಳ್ತಾರೆ, ಆಗ ತಂದೆಗಳು ಹೇಳಬೇಕು. ಕಲ್ಲು ಕಂಡಾಗ ಜನ ಬಾಯಿಬಿಟ್ಟು ದೇವರ ಕಾರ್ಯ ಹೇಳಬೇಕಿತ್ತು. ಸರ್ಪದ ಮುಂದೆ ಧೂಪ ಮಾತ್ರ ಹಾಕಿದರು. ನಾನು ಆ ಸಹೋದರಿಗೆ ಕೇಳಿದ್ದು ಇಷ್ಟೇ. ಈ ಗ್ರೈಂಡರ್ ಬಗ್ಗೆ ನಿಮ್ಮ ಮಕ್ಕಳಿಗೆ ಏನು ಗೊತ್ತಮ್ಮ?

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮುಟ್ಟಬಾರದು ಅಂತ ಗೊತ್ತು ಪಾಸ್ಟರ್."

ಅಜ್ಜಿ ಬೆಳಗಿನ ಜಾವ ಎದ್ದು ಪ್ರಾರ್ಥನೆ ಮಾಡ್ತಾ ಅಕ್ಕಿ-ಉದ್ದು ಹಾಕ್ತಿದ್ದದ್ದು ಗೊತ್ತಿಲ್ಲ. ಪಕ್ಕದ ಮನೆಯ ವಿಧವೆಯ ಹತ್ತಿರ ದುಡ್ಡು ತಗೊಳ್ಳದೆ ಹಿಟ್ಟು ಕೊಡ್ತಿದ್ದದ್ದು ಗೊತ್ತಿಲ್ಲ. ಆರು ವರ್ಷ ಕಬ್ಬಿಣ ಮನೆಯಲ್ಲಿತ್ತು, ಸಾಕ್ಷಿ ಮನೆಯಲ್ಲಿ ಇರಲಿಲ್ಲ. ಆ ರಾತ್ರಿ ಮಕ್ಕಳನ್ನ ಕೂರಿಸಿಕೊಂಡು ಎಲ್ಲ ಹೇಳಿದರು. ಅತ್ತರು, ನಕ್ಕರು. ಶನಿವಾರ ಗುಜರಿಯವರು ಬಂದರು. ರುಬ್ಬುಗುಂಡು ಮಾತ್ರ ಚಿಕ್ಕ ಮಗಳು ಬಿಡಲಿಲ್ಲ. ಅದು ಶಾಕ್ ಹೊಡೆಯಲ್ಲ, ಇರಲಿ ಅಂದೆ.

ಇನ್ನೊಂದು ಮಾತು. ಮೊದಲು ಅದನ್ನ ಕೆಲಸದ ಅಕ್ಕನಿಗೆ ಕೊಡೋ ಯೋಚನೆ ಇತ್ತಂತೆ. ದಯವಿಟ್ಟು ಬೇಡ! ಕುರುಡು, ಕುಂಟು ಪಶುಗಳನ್ನ ಯಜ್ಞಕ್ಕೆ ತರ್ತೀರಲ್ಲ ಅಂತ ದೇವರು ಮಲಾಕಿಯ 1ರಲ್ಲಿ ಕೇಳ್ತಾರೆ. ನಮ್ಮ ಮಗುವಿಗೆ ಶಾಕ್ ಹೊಡೆದದ್ದು ಅವರ ಮಗುವಿಗೂ ಹೊಡೆಯುತ್ತೆ.

ಎದ್ದು ನಿಲ್ಲೋಣ. ವರ್ಶಿಪ್ ಟೀಮ್ ಬನ್ನಿ, ಮೆಲ್ಲಗೆ ನುಡಿಸಿ. ಕಳಕೊಂಡ ಅಮ್ಮನೋ, ಅಪ್ಪನೋ, ಯಾರೋ ಒಬ್ಬರ ವಸ್ತುವನ್ನ ಮುಟ್ಟೋಕೂ ಆಗದೆ ಬಿಡೋಕೂ ಆಗದೆ ಇಟ್ಟುಕೊಂಡವರು ಇಲ್ಲಿದ್ದೀರಿ. ಇವತ್ತು ಬಿಡಲೇಬೇಕು ಅಂತ ನಾನು ಹೇಳ್ತಿಲ್ಲ. ಅವರ ಹೆಸರನ್ನ ಕರ್ತನ ಮುಂದೆ ಬಾಯಿಬಿಟ್ಟು ಹೇಳಿ, ಅವರಿಗಾಗಿ ಸ್ತೋತ್ರ ಮಾಡಿ. ಕಣ್ಣೀರು ಬಂದರೆ ಬರಲಿ.