ಗೆಡ್ಡೆ ಆತ್ಮವಲ್ಲ

ಇಂದಿನ ಚಿಂತನೆ.

ಅಮೆರಿಕದ ನೆಬ್ರಾಸ್ಕಾ, ಕೊಲೊರಾಡೊ ಕಡೆಯ ಮರಳು ಹುಲ್ಲುಗಾವಲಿನಲ್ಲಿ ಬುಷ್ ಮಾರ್ನಿಂಗ್ ಗ್ಲೋರಿ ಎಂಬ ಕಾಡುಗಿಡವಿದೆ. ನಮ್ಮ ಗೆಣಸಿನ ಕುಲದ್ದೇ (ಸಸ್ಯಶಾಸ್ತ್ರದ ಕುಲ, ಬೇರೆ ಕುಲವಲ್ಲ!). ಬಳ್ಳಿಯಾಗಿ ಹಬ್ಬದೆ ಪೊದೆಯಾಗಿ ಬೆಳೆಯುತ್ತದೆ. ಗುಲಾಬಿ-ನೇರಳೆ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಚಳಿಗಾಲದಲ್ಲಿ ಇಡೀ ಪೊದೆ ಒಣಗಿಹೋಗುತ್ತದೆ. ಆದರೂ ಮರುವರ್ಷ ಮತ್ತೆ ಚಿಗುರುತ್ತದೆ. ಕಾರಣ, ನೆಲದೊಳಗೆ ಭಾರೀ ಗೆಡ್ಡೆಯಿದೆ. ಅದರ ಬೇರು 10 ಅಡಿಗೂ ಆಳಕ್ಕೆ ಇಳಿಯುತ್ತದೆ.

ಈ ಗಿಡ ಪ್ರವಚನಕಾರರ ಕೈಗೆ ಸಿಕ್ಕರೆ ಏನು ಹೇಳುತ್ತಾರೆಂದು ಯೋಚಿಸಿದೆ. ಹೂವು ದೇಹ, ಗೆಡ್ಡೆ ಆತ್ಮ. ದೇಹ ಅಳಿದರೂ ಆತ್ಮ ಮತ್ತೆ ಚಿಗುರುತ್ತದೆ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಸಾವಿನ ಮನೆಯಲ್ಲಿ ನಮ್ಮವರೂ ಹೀಗೇ ಸಮಾಧಾನ ಹೇಳುವುದುಂಟು. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಬರುತ್ತದೆ: ಹೋದ ಜನ್ಮದ ಕರ್ಮಕ್ಕೆ ಈ ಜನ್ಮದ ಜಾತಿ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಆತ್ಮವನ್ನೂ ಹಿಂದಿನ ಜನ್ಮದ ಕರ್ಮವನ್ನೂ ಗಟ್ಟಿಯಾಗಿ ತಳ್ಳಿಹಾಕಿದರು. ಬಡವನ ಸ್ಥಿತಿಗೆ ಅವನ ಹಳೇ ಪಾಪವೇ ಕಾರಣ ಎಂದುಬಿಟ್ಟರೆ ಸಮಾಜಕ್ಕೆ ಯಾವ ಹೊಣೆಯೂ ಉಳಿಯುವುದಿಲ್ಲವಲ್ಲ!

ಈಗ ಗೆಡ್ಡೆಯನ್ನೇ ನೋಡೋಣ. ಬೀಜದಲ್ಲಿ ಗೆಡ್ಡೆ ಇರಲಿಲ್ಲ. ಬೇಸಿಗೆಯಿಂದ ಬೇಸಿಗೆಗೆ ಎಲೆಗಳು ಬಿಸಿಲಲ್ಲಿ ಅನ್ನ ಮಾಡಿ ಕೆಳಕ್ಕೆ ಇಳಿಸಿದವು, ತಾವು ಒಣಗಿದವು. ಹಾಗೆ ಕೂಡಿಟ್ಟದ್ದೇ ಗೆಡ್ಡೆ. ಅದು ಎಲೆಯನ್ನು ಅವಲಂಬಿಸಿದೆ, ಎಲೆ ಅದನ್ನು. ಭಗವಾನರು ಹೇಳಿದ ಪ್ರತೀತ್ಯ ಸಮುತ್ಪಾದ ಇದೇ ಅಲ್ಲವೇ? ಗೆಡ್ಡೆಯೂ ನಿತ್ಯವಲ್ಲ, ಒಂದು ದಿನ ಕೊಳೆಯುತ್ತದೆ.

ಹಾಗಾದರೆ ಸತ್ತವರದ್ದು ಏನೂ ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆ ಬಯಲಿನ ಮೂಲನಿವಾಸಿಗಳಾದ ಶೈಯೆನ್, ಕಿಯೋವಾ ಜನರು ಹಸಿವಿನ ಕಾಲದಲ್ಲಿ ಈ ಗೆಡ್ಡೆ ತಿನ್ನುತ್ತಿದ್ದರು. ಅವರ ಹೊಟ್ಟೆ ತುಂಬಿಸಿದ್ದು ಎಂದೋ ಒಣಗಿಹೋದ ಎಲೆಗಳ ದುಡಿಮೆ. ಆ ಎಲೆಗಳು ಮತ್ತೆ ಹುಟ್ಟಬೇಕಾಗಿರಲಿಲ್ಲ.

ನನ್ನ ಅಜ್ಜಿ ಕಳೆ ಕೀಳುವ ಕೂಲಿಯಲ್ಲಿ ನನ್ನ ಫೀಸು ಕಟ್ಟಿದವಳು. ಅವಳಿಗೆ ಓದು ಬರುತ್ತಿರಲಿಲ್ಲ. ಇದನ್ನು ಬರೆಯುತ್ತಿರುವ ಅಕ್ಷರದಲ್ಲಿ ಅವಳ ಕೂಲಿ ಇದೆ. ಬರುವ ಭಾನುವಾರ ಅವಳ ಪುಣ್ಯಾನುಮೋದನೆ. ಬ್ಯಾನರಿನಲ್ಲಿ ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಹಾಕಿಸಬೇಡ, ಅವಳ ಹೆಸರಿನ ಕೆಳಗೆ ‘ಕೂಲಿ ಮಾಡಿ ಮೂವರನ್ನು ಓದಿಸಿದವರು’ ಎಂದು ಬರೆಸು ಅಂತ ತಮ್ಮನಿಗೆ ಹೇಳಿದ್ದೇನೆ.

ಭವತು ಸಬ್ಬ ಮಂಗಲಂ.