ತಿದ್ದಬೇಕಾದುದು ಯಾವುದನ್ನು?

ಅರಸೀಕೆರೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆಗೆ ಕೊಬ್ಬರಿ ವ್ಯಾಪಾರ. ಮಗಳ ಕೆನ್ನೆಯ ಮೇಲೆ ಬಾಲ್ಯದಲ್ಲಿ ಬಿಸಿನೀರು ಬಿದ್ದು ಉಳಿದ ಕಲೆ. ಹುಡುಗಿ ನೋಡಲು ಬೇಲೂರಿನಿಂದ ಬಂದವರೂ ಹಳೇಬೀಡಿನಿಂದ ಬಂದವರೂ ಚಹಾ ಕುಡಿದು, "ಆಮೇಲೆ ತಿಳಿಸುತ್ತೇವೆ" ಎಂದು ಹೋದರು, ತಿಳಿಸಲಿಲ್ಲ. "ಬೆಂಗಳೂರಿಗೆ ಹೋಗಿ ಪ್ಲಾಸ್ಟಿಕ್ ಸರ್ಜರಿ ಮಾಡಿಸೋಣ" ಎಂದರು ತಾಯಿ. "ತೋಬಾ! ಅಲ್ಲಾಹನು ಕೊಟ್ಟ ಮುಖಕ್ಕೆ ಚಾಕು ಹಾಕಿಸುವುದೇ?" ಎಂದರು ಅಜ್ಜಿ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಇಂತಹ ಮನೆಗಳು ನಮ್ಮ ನಡುವೆ ಅನೇಕ ಇವೆ. ಇಲ್ಲಿ ಸರಿ ಯಾರದು, ತಾಯಿಯದೋ ಅಜ್ಜಿಯದೋ?

ಅಜ್ಜಿಯ ಭಯಕ್ಕೆ ಆಧಾರವಿದೆ. ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಮನುಷ್ಯರನ್ನು ಪ್ರೇರೇಪಿಸುವೆನೆಂದು ಶೈತಾನನು ಪಣ ತೊಟ್ಟುದನ್ನು ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ತಿಳಿಸುತ್ತದೆ. ಚೆಲುವಿಗಾಗಿ ಹಚ್ಚೆ ಹಾಕಿಸಿಕೊಳ್ಳುವ, ಹಲ್ಲುಗಳ ನಡುವೆ ಅಂತರ ಮಾಡಿಸಿಕೊಳ್ಳುವವರ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳ ಹದೀಸಿನಲ್ಲಿ ಕಠಿಣ ಎಚ್ಚರಿಕೆಯಿದೆ.

ತಾಯಿಯ ಮಾತಿಗೂ ಆಧಾರವಿದೆ. ಅರ್ಫಜ(ರ) ಎಂಬ ಸ್ವಹಾಬಿ ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಕೂಡಿಸಿಕೊಂಡಾಗ ದುರ್ವಾಸನೆ ಬಂತು. ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಪ್ರವಾದಿ(ಸ)ರವರು ಅವರಿಗೆ ಹೇಳಿದರೆಂದು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಪುರುಷರಿಗೆ ಚಿನ್ನ ನಿಷಿದ್ಧ. ಆದರೂ ಒಬ್ಬನ ಮುಖದ ಗೌರವಕ್ಕಾಗಿ ಅದು ಅನುಮತಿಸಲ್ಪಟ್ಟಿತು!

ಈ ಚಿಕಿತ್ಸೆಯಲ್ಲಿ ದೇಹದೊಳಗೆ ಪ್ಲಾಸ್ಟಿಕ್ ಇಟ್ಟು ಹೊಲಿಯುತ್ತಾರೆಂದು ಭಾವಿಸಿದವರಿದ್ದಾರೆ. ಅದು ತಪ್ಪು. ರೂಪಿಸುವುದು ಎಂಬ ಅರ್ಥದ ಗ್ರೀಕ್ ಪದದಿಂದ ಆ ಹೆಸರು ಬಂದಿದೆ. ಅದರ ಚರಿತ್ರೆಯಲ್ಲಿ ನಮ್ಮ ನಾಡಿನ ನೆನಪೂ ಇದೆ. ಬ್ರಿಟಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿ ಮೂಗು ಕಳೆದುಕೊಂಡನು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕೂಡಿಸಿದನು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಪ್ರಕಟಿಸಿತು. ಬಳಿಕ 1814ರಲ್ಲಿ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯನು ಅದೇ ವಿಧಾನವನ್ನು ಅಲ್ಲಿ ಅನುಸರಿಸಿದನು. ಕಳೆದುಕೊಂಡುದನ್ನು ಮರಳಿ ಕೊಡುವುದೇ ಈ ವಿದ್ಯೆಯ ಮೂಲ ಉದ್ದೇಶವಾಗಿತ್ತು.

ವಿದ್ವಾಂಸರು ಗೆರೆ ಎಳೆದಿರುವುದೂ ಇಲ್ಲಿಯೇ. 2007ರಲ್ಲಿ ಮಲೇಶ್ಯಾದ ಪುತ್ರಜಾಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಈ ವಿಷಯವನ್ನು ಚರ್ಚಿಸಿತು. ಸೀಳುತುಟಿಯಂತಹ ಹುಟ್ಟಿನ ಕೊರತೆ, ಸುಟ್ಟ ಗಾಯ, ಅಪಘಾತದ ವಿಕಾರ ಮುಂತಾದವುಗಳ ಚಿಕಿತ್ಸೆ ಅನುಮತಿಸಲ್ಪಟ್ಟಿದೆ. ದೇಹಕ್ಕೆ ಮಾತ್ರವಲ್ಲ, ಮನಸ್ಸಿಗೆ ನೋವುಂಟು ಮಾಡುವ ಕೊರತೆಯನ್ನೂ ಅದು ಪರಿಗಣಿಸಿತು. ಆದರೆ ಸಹಜ ರೂಪವನ್ನು ಕೇವಲ ಅಭಿಲಾಷೆಗಾಗಿ, ಇತರರ ಅನುಕರಣೆಗಾಗಿ ಬದಲಿಸುವುದನ್ನು ಸಮ್ಮತಿಸಲಿಲ್ಲ.

ಆದ್ದರಿಂದ ಆ ಹುಡುಗಿಯ ಕಲೆಗೆ ಚಿಕಿತ್ಸೆ ಮಾಡಿಸುವುದು ಪಾಪವಲ್ಲ. ಹಾಗಾದರೆ ಮಾಡಿಸಲೇಬೇಕೇ? ಅದು ಬೇರೆಯೇ ಪ್ರಶ್ನೆ. ಕಲೆಯಿಂದ ನೋಯುತ್ತಿರುವವರು ಯಾರು? ಆಕೆಯೋ ಅಥವಾ ನೋಡಲು ಬಂದವರ ಕಣ್ಣೋ? ಆಕೆಯೇ ಬಯಸಿದರೆ ತಡೆಯಬೇಡಿ, ಹಂಗಿಸಬೇಡಿ. ಆಕೆ ಆ ಕಲೆಯೊಂದಿಗೆ ನೆಮ್ಮದಿಯಿಂದಿದ್ದರೆ ಸಂಬಂಧ ಕುದುರಲೆಂದು ಚಾಕುವಿಗೆ ಒಪ್ಪಿಸಬೇಡಿ.

ನಿರ್ಧರಿಸುವ ಮುನ್ನ ತಿಳಿದುಕೊಳ್ಳಿ. ಕಲೆ ಪೂರ್ತಿ ಅಳಿಯುವುದಿಲ್ಲ, ಮಾಸುತ್ತದೆ. ಹಲವರ ಚರ್ಮದಲ್ಲಿ ಹೊಸ ಗಾಯವೂ ಗಂಟು ಕಟ್ಟುತ್ತದೆ. ಎಷ್ಟು ಸಲ ಶಸ್ತ್ರಕ್ರಿಯೆ ಬೇಕು, ವೈದ್ಯರು ಇದೇ ವಿಷಯದಲ್ಲಿ ಎಂ.ಸಿಎಚ್. ಪದವಿ ಪಡೆದವರೇ, ಅರಿವಳಿಕೆ ತಜ್ಞರಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21ರ ಹರೆಯದ ಕಿರುತೆರೆ ನಟಿಯೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಬಡ್ಡಿಯ ಸಾಲ ಮಾಡಿ ಮುಖ ತಿದ್ದಿಸುವುದಂತೂ ಒಂದು ಕೊರತೆಯನ್ನು ನೀಗಿಸಲು ದೊಡ್ಡ ಪಾಪವನ್ನು ಮನೆಗೆ ತಂದಂತೆ.

ಇನ್ನು ಚಹಾ ಕುಡಿದು ಹೋದವರ ವಿಷಯ. ಜುಲೈಬೀಬ್(ರ) ರೂಪವಂತರಾಗಿರಲಿಲ್ಲ. ಪ್ರವಾದಿ(ಸ)ರವರು ಅವರ ಮುಖಕ್ಕೆ ಮದ್ದು ಹುಡುಕಲಿಲ್ಲ; ಅನ್ಸಾರಿಗಳ ಒಂದು ಮನೆಗೆ ಹೋಗಿ ಅವರಿಗಾಗಿ ಹೆಣ್ಣು ಕೇಳಿದರು. ಹೆತ್ತವರು ಹಿಂಜರಿದರು. ಆಗ ಒಳಗಿದ್ದ ಹುಡುಗಿಯೇ ಮಾತಾಡಿದಳು: ಪ್ರವಾದಿಯವರ ಕೋರಿಕೆಯನ್ನು ತಳ್ಳಬೇಡಿ ಎಂದಳು. ಆ ಮನೆಯಲ್ಲಿ ಬದಲಾದುದು ವರನ ಮುಖವಲ್ಲ, ಮನೆಯವರ ದೃಷ್ಟಿ.

ಬೇಲೂರಿನಲ್ಲಿ ಕನ್ನಡಿ ಹಿಡಿದು ನಿಂತ ಹೆಣ್ಣಿನ ಶಿಲ್ಪವನ್ನು ನೀವು ಕಂಡಿರಬಹುದು. ಶಿಲ್ಪಿಯು ತನ್ನ ಮನಸ್ಸಿನ ಅಳತೆಗೆ ಕಡೆದ ಕಲ್ಲು ಅದು. ಕಲ್ಲಿಗೆ ನೋವಿಲ್ಲ, ವಯಸ್ಸಿಲ್ಲ. ನಮ್ಮ ಹೆಣ್ಣುಮಕ್ಕಳು ಯಾರದೋ ಅಳತೆಗೆ ಕಡೆಯಬೇಕಾದ ಕಲ್ಲುಗಳೇ? ಅಲ್ಲಾಹನು ನಮ್ಮ ರೂಪವನ್ನಲ್ಲ, ಹೃದಯ ಮತ್ತು ಕರ್ಮಗಳನ್ನು ನೋಡುತ್ತಾನೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಹೆಣ್ಣು ನೋಡಲು ಹೊರಡುವ ಮುನ್ನ ಪ್ರತಿಯೊಬ್ಬ ತಾಯಿಯೂ ಮಗನೂ ಇದನ್ನು ಒಮ್ಮೆ ನೆನೆಯಲಿ. ಆಗ ಎಷ್ಟೋ ಮುಖಗಳಿಗೆ ಚಾಕುವಿನ ಅಗತ್ಯವೇ ಬೀಳದು. ಕನ್ನಡಿಯ ಮುಂದೆ ನಿಂತಾಗ, ಅಲ್ಲಾಹನು ನಮಗೆ ಕೃತಜ್ಞತೆಯ ಕಣ್ಣುಗಳನ್ನು ಅನುಗ್ರಹಿಸಲಿ.